ಹಳೇ ಲ್ಯಾಪ್‌ಟಾಪ್‌ನಲ್ಲಿ ಮನೆಮಂದಿಯ ಫೋಟೋ ಇಡಬಹುದೇ?

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಶಾಲಾ ಶಿಕ್ಷಕಿ. ಫೋನಿನಲ್ಲಿ ‘ಸ್ಟೋರೇಜ್ ಫುಲ್’ ಅಂತ ದಿನಾ ಬರುತ್ತಿದೆ. ಗೂಗಲ್‌ನ 15 ಜಿಬಿ ತುಂಬಿ ಜಿಮೇಲ್ ಕೂಡ ನಿಂತಿದೆ. ನನ್ನದು, ಯಜಮಾನರದು ಸೇರಿ ಸುಮಾರು 90 ಜಿಬಿ ಫೋಟೋ, ವಿಡಿಯೋ ಇವೆ. ಮಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಹಳೇ ಲ್ಯಾಪ್‌ಟಾಪ್ ನಮ್ಮಲ್ಲಿ ಸುಮ್ನೆ ಬಿದ್ದಿದೆ. ಅದಕ್ಕೆ ಸಿಂಕ್‌ಥಿಂಗ್ ಅನ್ನುವ ತಂತ್ರಾಂಶ ಹಾಕಿದರೆ ಫೋಟೋ ಎಲ್ಲ ಮನೆಗೇ ಬರುತ್ತವೆ, ಕ್ಲೌಡ್‌ಗೆ ದುಡ್ಡು ಕಟ್ಟೋದು ಬೇಡ ಅನ್ನುತ್ತಾನೆ. ಸಹೋದ್ಯೋಗಿಯೊಬ್ಬರು ನೆಕ್ಸ್ಟ್‌ಕ್ಲೌಡ್, ಇಮಿಚ್ ಅಂತ ಬೇರೆ ಹೆಸರು ಹೇಳಿದರು. ಇದು ನಮ್ಮಂಥವರ ಕೈಲಾಗುವ ಕೆಲಸವೇ? ಕರೆಂಟ್ ಹೋದರೆ, ಲ್ಯಾಪ್‌ಟಾಪ್ ಕಳುವಾದರೆ ಏನು ಗತಿ?

ಉತ್ತರ: ಆಗುತ್ತದೆ, ಮೇಡಂ. ಎಂಜಿನಿಯರೇ ಬೇಕು ಅನ್ನುವಂಥ ಕೆಲಸವೇನಲ್ಲ. ಆದರೆ ಇವತ್ತು ರಾತ್ರಿ ಮಗನಿಗೆ ಫೋನ್ ಮಾಡಿ, ಒಂದು ವಾರ ಏನೂ ಇನ್‌ಸ್ಟಾಲ್ ಮಾಡಬೇಡ ಅಂತ ಹೇಳಿಬಿಡಿ. ಅದಕ್ಕೂ ಮುಂಚೆ ನೀವು ಒಂದು ಸಂಗತಿ ನೆನಪು ಮಾಡಿಕೊಳ್ಳಬೇಕು. ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಅಂತ ಒಂದು ಬಟನ್ ಇದೆ. ಫೋನ್ ತುಂಬಿದಾಗಲೆಲ್ಲ ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ಯಾವಾಗಲಾದರೂ ಒತ್ತಿದ್ದೀರಾ?

ಒತ್ತಿದ್ದರೆ, ನಿಮ್ಮ ಹಳೇ ಫೋಟೋಗಳು ಫೋನಿನಲ್ಲಿ ಇಲ್ಲ. ಕಾಣುತ್ತವೆ ನಿಜ. ಆದರೆ ಬೆರಳಿಟ್ಟಾಗ ಅವು ಇಂಟರ್ನೆಟ್‌ನಿಂದ ಇಳಿದು ಬರುತ್ತಿರುತ್ತವೆ. ಡೇಟಾ ಬಂದ್ ಮಾಡಿ, ಐದು ವರ್ಷ ಹಿಂದಿನ ಒಂದು ಫೋಟೋ ತೆರೆದು ದೊಡ್ಡದು ಮಾಡಿ ನೋಡಿ. ಮಸುಕಾಗಿಯೇ ಉಳಿದರೆ ಅಸಲು ಫೈಲ್ ಕ್ಲೌಡ್‌ನಲ್ಲಿ ಮಾತ್ರ ಇದೆ ಅಂತ ಲೆಕ್ಕ. ಆಗ ಸಿಂಕ್‌ಥಿಂಗ್ ಹಾಕಿದರೆ ಬರುವುದು ಈಚಿನ ಒಂದಷ್ಟು ಫೋಟೋ ಅಷ್ಟೇ. ನೀವು ‘ಎಲ್ಲ ಮನೆಗೆ ಬಂತು’ ಅಂದುಕೊಂಡು ಕ್ಲೌಡ್ ಖಾಲಿ ಮಾಡುತ್ತೀರಿ. ಹತ್ತು ವರ್ಷದ್ದು ಹೋಗುತ್ತದೆ. ನನ್ನ ಹತ್ತಿರ ಅಳುತ್ತಾ ಬಂದವರಲ್ಲಿ ಇದೇ ದಾರಿಯಲ್ಲಿ ಕಳೆದುಕೊಂಡವರೇ ಜಾಸ್ತಿ.

ಹಾಗಾಗಿ ಮೊದಲ ಕೆಲಸ, ಕ್ಲೌಡ್‌ನಲ್ಲಿ ಇರುವುದನ್ನು ಪೂರ್ತಿ ಇಳಿಸಿಕೊಳ್ಳುವುದು. ಇದಕ್ಕೆ ಗೂಗಲ್‌ನದ್ದೇ ಒಂದು ಸೌಲಭ್ಯ ಇದೆ, ಹೆಸರು ಟೇಕ್‌ಔಟ್. ಅಲ್ಲಿ ಫೋಟೋಸ್ ಒಂದನ್ನೇ ಆರಿಸಿ. ಅರ್ಜಿ ಹಾಕಿದ ಹಾಗೆ ಮಾಡಿದರೆ ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಬಿಟ್ಟು ಜಿಪ್ ಫೈಲುಗಳ ಲಿಂಕ್ ಬರುತ್ತದೆ. ಜಿಮೇಲ್ ನಿಂತಿದೆ ಅಂದಿರಲ್ಲ, ಲಿಂಕ್ ಮೇಲ್‌ಗೆ ಬರದೇ ಹೋದರೂ ಟೇಕ್‌ಔಟ್ ಪುಟದಲ್ಲೇ ಕಾಣಿಸುತ್ತದೆ. ಲಿಂಕ್‌ಗೆ ಕೆಲವೇ ದಿನಗಳ ಆಯಸ್ಸು, ಬಂದ ತಕ್ಷಣ ಇಳಿಸಿ. ಪ್ರತಿ ತುಂಡು 10 ಜಿಬಿ ಇರಲಿ ಅಂತ ಆರಿಸಿಕೊಳ್ಳಿ. 2 ಜಿಬಿ ಅಂದರೆ ನಲವತ್ತೈದು ಫೈಲ್ ಎಣಿಸುತ್ತಾ ಕೂರಬೇಕು, 50 ಜಿಬಿ ಅಂದರೆ ಅರ್ಧಕ್ಕೆ ನೆಟ್ ಹೋದಾಗ ಮೊದಲಿಂದ ಶುರು.

ಬಿಚ್ಚಿ ನೋಡಿದಾಗ ಗಾಬರಿಯಾಗಬೇಡಿ. ಫೋಟೋಗಳ ಪಕ್ಕ ಜೆಸನ್ ಅನ್ನುವ ಸಣ್ಣ ಸಣ್ಣ ಫೈಲುಗಳು ರಾಶಿ ಇರುತ್ತವೆ. ಕಸ ಅಂತ ಅಳಿಸಲು ಕೈ ತುರಿಸುತ್ತದೆ. ಅಳಿಸಬೇಡಿ. ನೀವು ಕೈಯಾರೆ ತಿದ್ದಿದ ದಿನಾಂಕ, ಜಾಗ, ಬರೆದ ವಿವರ ಅದರಲ್ಲಿ ಇರುತ್ತವೆ. ಕ್ಯಾಮೆರಾದಲ್ಲಿ ತೆಗೆದ ಫೋಟೋದ ತಾರೀಖು ಫೋಟೋದ ಒಳಗೇ ಬರೆದಿರುತ್ತದೆ, ಅದಕ್ಕೆ ಚಿಂತೆ ಇಲ್ಲ. ವಾಟ್ಸಾಪ್ ಫೋಟೋಗಳ ಕಥೆಯೇ ಬೇರೆ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುವುದಲ್ಲದೆ ಒಳಗಿನ ತಾರೀಖನ್ನೂ ತೆಗೆದುಹಾಕುತ್ತದೆ. ಉಳಿಯುವುದು ಫೈಲಿನ ಹೆಸರಿನಲ್ಲಿರುವ ಎಂಟು ಅಂಕಿ ಮಾತ್ರ: 20190412 ಅಂದರೆ 2019ರ ಏಪ್ರಿಲ್ 12. ಆದ್ದರಿಂದ ಅವುಗಳ ಹೆಸರು ಬದಲಿಸಲು ಹೋಗಬೇಡಿ. ಅಂದಹಾಗೆ, ಮನೆಯ ಮದುವೆ ಫೋಟೋ ನಿಮ್ಮ ಹತ್ತಿರ ವಾಟ್ಸಾಪ್‌ನಲ್ಲಿ ಬಂದದ್ದು ಮಾತ್ರ ಇದ್ದರೆ, ಫೋಟೋಗ್ರಾಫರನ ಹತ್ತಿರ ಅಸಲು ಫೈಲ್ ಇದೆಯೇ ಅಂತ ಈಗಲೇ ಕೇಳಿ. ಅವರೂ ಡಿಸ್ಕ್ ಖಾಲಿ ಮಾಡುತ್ತಿರುತ್ತಾರೆ.

ಈಗ ಸಿಂಕ್‌ಥಿಂಗ್‌ಗೆ ಬರೋಣ. ನಿಮ್ಮ ಮಗ ಒಳ್ಳೆಯದನ್ನೇ ಆರಿಸಿದ್ದಾನೆ. 2013ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ. ನಡುವೆ ಯಾವ ಕಂಪನಿಯ ಉಗ್ರಾಣವೂ ಇಲ್ಲ. ಫೋನ್ ಒಂದು ಕಡೆ, ಲ್ಯಾಪ್‌ಟಾಪ್ ಒಂದು ಕಡೆ. ಎರಡಕ್ಕೂ ಒಂದೊಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಕ್ಯೂಆರ್ ಕೋಡ್ ತೋರಿಸಿ ಇದಕ್ಕೆ ಅದು, ಅದಕ್ಕೆ ಇದು ಗೊತ್ತು ಮಾಡಿಸಿದರೆ ಸಾಕು. ಆಮೇಲೆ ಒಂದೇ ವೈ-ಫೈಗೆ ಬಂದಾಗಲೆಲ್ಲ ಹೊಸ ಫೋಟೋ ತಾನೇ ದಾಟುತ್ತದೆ. ದಾರಿಯಲ್ಲಿ ಯಾರೂ ಓದಲಾಗದಂತೆ ಗೂಢಲಿಪಿಯಲ್ಲೇ ಹೋಗುತ್ತದೆ.

ಆದರೆ ‘ಸಿಂಕ್’ ಅನ್ನುವ ಮಾತನ್ನು ನಿಮ್ಮ ಮಗ ‘ಜೋಪಾನ’ ಅಂತ ಅರ್ಥ ಮಾಡಿಕೊಂಡಿದ್ದಾನೆ ಅನಿಸುತ್ತದೆ. ಸಿಂಕ್ ಬಹಳ ವಿಧೇಯ ಆಳು. ನೀವು ಇಟ್ಟರೆ ಅಲ್ಲೂ ಇಡುತ್ತದೆ. ನೀವು ಎಸೆದರೆ ಅಲ್ಲೂ ಹೋಗಿ ಎಸೆದು ಬರುತ್ತದೆ. ‘ಯಾಕೆ?’ ಅಂತ ಕೇಳುವುದಿಲ್ಲ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಒಂದು ರವಿವಾರ ಮನೆಮಂದಿಯೆಲ್ಲ ಲಕ್ಕುಂಡಿಗೆ ಹೋಗಿದ್ದೆವು. ಮುನ್ನೂರು ಚಿಲ್ಲರೆ ಫೋಟೋ. ರಾತ್ರಿ ಹುಬ್ಬಳ್ಳಿಗೆ ಬಂದಾಗ ಎಲ್ಲವೂ ಕಂಪ್ಯೂಟರಿಗೆ ಸಿಂಕ್ ಆದವು. ನನಗೋ ಖುಷಿ. ಮರುದಿನ ಫೋನಿನಲ್ಲಿ ಜಾಗ ಬೇಕಿತ್ತು, ‘ಹೇಗೂ ಕಂಪ್ಯೂಟರ್‌ನಲ್ಲಿ ಇವೆಯಲ್ಲ’ ಅಂತ ಫೋನಿನಿಂದ ಅಳಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರಿನಲ್ಲೂ ಇರಲಿಲ್ಲ. ಅಳಿಸಿದ ಫೈಲ್ ಎತ್ತುವ ತಂತ್ರಾಂಶ ಹಾಕಿ ಎರಡು ರಾತ್ರಿ ಕೂತೆ. ಸುಮಾರು ಇನ್ನೂರು ಸಿಕ್ಕವು. ಅದರಲ್ಲೂ ಹಲವು ಅರ್ಧ ಬ್ರಹ್ಮ ಜಿನಾಲಯ, ಅರ್ಧ ಬೂದು ಬಣ್ಣ. ತಂತ್ರಾಂಶದ ತಪ್ಪೇನೂ ಇರಲಿಲ್ಲ. ನಾನು ಹೇಳಿದ್ದನ್ನೇ ಅದು ಮಾಡಿತ್ತು.

ಈ ಪೆಟ್ಟು ತಪ್ಪಿಸಲು ಮೂರು ಸೆಟ್ಟಿಂಗ್ ಇವೆ. ಇದನ್ನು ಮಗನಿಗೆ ಓದಿ ಹೇಳಿ. ಫೋನಿನ ಕಡೆ ಫೋಲ್ಡರನ್ನು ‘ಸೆಂಡ್ ಓನ್ಲಿ’ ಮಾಡಬೇಕು, ಅಂದರೆ ಲ್ಯಾಪ್‌ಟಾಪ್‌ನಲ್ಲಿ ಏನೇ ಆದರೂ ಫೋನ್ ಕೆಡುವುದಿಲ್ಲ. ಲ್ಯಾಪ್‌ಟಾಪ್ ಕಡೆ ‘ರಿಸೀವ್ ಓನ್ಲಿ’. ಇವೆರಡನ್ನು ಮಾಡಿ ನಿಶ್ಚಿಂತೆಯಿಂದ ಕೂರುವವರು ಬಹಳ ಮಂದಿ. ಆದರೆ ‘ಅಳಿಸು’ ಅನ್ನುವ ಅಪ್ಪಣೆ ಆಗಲೂ ಫೋನಿನಿಂದ ಹೋಗಿಯೇ ಹೋಗುತ್ತದೆ. ಅದಕ್ಕೆ ಮೂರನೆಯದು ಬೇಕು. ಲ್ಯಾಪ್‌ಟಾಪ್ ಕಡೆ ‘ಫೈಲ್ ವರ್ಷನಿಂಗ್’ನಲ್ಲಿ ‘ಟ್ರ್ಯಾಶ್ ಕ್ಯಾನ್’ ಆರಿಸಿ, ಎಷ್ಟು ದಿನಕ್ಕೆ ಖಾಲಿ ಮಾಡಬೇಕು ಅನ್ನುವಲ್ಲಿ 0 ಹಾಕಿ. ಸೊನ್ನೆ ಅಂದರೆ ಎಂದೂ ಬೇಡ ಅಂತ ಅರ್ಥ. ಇನ್ನು ಫೋನಿನಲ್ಲಿ ಅಳಿಸಿದ್ದು ಲ್ಯಾಪ್‌ಟಾಪ್‌ನ ಒಂದು ಅಡಗಿದ ಫೋಲ್ಡರಿಗೆ ಹೋಗಿ ಕೂರುತ್ತದೆ, ಸಾಯುವುದಿಲ್ಲ.

ಅದನ್ನೂ ನಾನು ಪೂರ್ತಿ ನೆಚ್ಚುವುದಿಲ್ಲ. ಲ್ಯಾಪ್‌ಟಾಪ್‌ಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್ ತನ್ನಿ. ವಾರಕ್ಕೊಮ್ಮೆ ಸಿಂಕ್ ಫೋಲ್ಡರಿನಿಂದ ಡಿಸ್ಕ್‌ಗೆ ಕಾಪಿ ಮಾಡಿ. ಬರೀ ಕಾಪಿ. ಹೊಸದು ಸೇರಬೇಕು, ಹಳೆಯದು ಅಳಿಯಬಾರದು. ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್‌ನಲ್ಲಿ ಆರ್‌ಸಿಂಕ್ ಅಂತ ಒಂದು ಉಪಕರಣ ಇದೆ, ಅದರ ಅಳಿಸುವ ಆಯ್ಕೆಯನ್ನು ಮುಟ್ಟದೆ ಬಿಟ್ಟರೆ ಇದೇ ಕೆಲಸ ಮಾಡುತ್ತದೆ. ಡಿಸ್ಕ್‌ನಲ್ಲಿ ವರ್ಷಕ್ಕೊಂದು ಫೋಲ್ಡರ್ ಇರಲಿ. ಕಾಪಿ ಮುಗಿದ ಮೇಲೆ ಡಿಸ್ಕ್ ಕಿತ್ತು ತಿಜೋರಿಯಲ್ಲಿಡಿ. ತಂತಿಯಲ್ಲಿ ಇಲ್ಲದ ಡಿಸ್ಕನ್ನು ವೈರಸ್ಸೂ ಮುಟ್ಟುವುದಿಲ್ಲ, ಸಿಡಿಲೂ ಮುಟ್ಟುವುದಿಲ್ಲ. ಇದಕ್ಕೆ ಪೆನ್‌ಡ್ರೈವ್ ಬೇಡ. ಅದರಲ್ಲಿ ಬರೆದದ್ದು ವಿದ್ಯುತ್ ಚಾರ್ಜ್ ರೂಪದಲ್ಲಿ ಇರುತ್ತದೆ, ವರ್ಷಗಟ್ಟಲೆ ಸುಮ್ನೆ ಇಟ್ಟರೆ ಸೋರಿಹೋಗಬಹುದು.

ಫೋನಿನ ಆ್ಯಪ್ ಬಗ್ಗೆ ಒಂದು ಎಚ್ಚರ. ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತುಹೋಯಿತು. ಈಗ ಬಳಸುವುದು ಸಿಂಕ್‌ಥಿಂಗ್-ಫೋರ್ಕ್, ಎಫ್-ಡ್ರಾಯಿಡ್ ಎಂಬ ಆ್ಯಪ್ ಭಂಡಾರದಲ್ಲಿ ಸಿಗುತ್ತದೆ. ನಡೆಸುತ್ತಿರುವವರು ಸ್ವಯಂಸೇವಕರು. ನಾಳೆ ಅವರೂ ಸುಸ್ತಾಗಬಹುದು. ಆದರೂ ನಿಮ್ಮ ಫೋಟೋಗಳಿಗೆ ಏನೂ ಆಗುವುದಿಲ್ಲ. ಅವು ಮಾಮೂಲಿ ಫೋಲ್ಡರಿನಲ್ಲಿ ಮಾಮೂಲಿ ಫೈಲುಗಳಾಗಿಯೇ ಇರುತ್ತವೆ. ನನಗೆ ಸಿಂಕ್‌ಥಿಂಗ್ ಮೇಲೆ ಪ್ರೀತಿ ಇರುವುದು ಈ ಒಂದು ಗುಣಕ್ಕೆ. ಮನೆಯಲ್ಲಿ ಯಾರದಾದರೂ ಐಫೋನ್ ಇದ್ದರೆ ಈ ದಾರಿ ಅಷ್ಟು ಸುಲಭವಲ್ಲ. ಅಲ್ಲಿ ಆ್ಯಪ್‌ಗಳು ಹಿನ್ನೆಲೆಯಲ್ಲಿ ಓಡಲು ಆ್ಯಪಲ್ ಬಿಡುವುದೇ ಕಡಿಮೆ.

ಆಂಡ್ರಾಯ್ಡ್‌ನಲ್ಲೂ ಹಲವು ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಇಂಥ ಆ್ಯಪನ್ನು ಕತ್ತು ಹಿಸುಕುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಇದಕ್ಕೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ವೈ-ಫೈ ಇದ್ದಾಗ, ಚಾರ್ಜಿಗೆ ಹಾಕಿದಾಗ ಮಾತ್ರ ಓಡು ಅಂತ ಹೇಳಿಡಿ. ಕ್ಯಾಮೆರಾ ಫೋಲ್ಡರ್ ಒಂದು, ವಾಟ್ಸಾಪ್ ಚಿತ್ರಗಳ ಫೋಲ್ಡರ್ ಒಂದು. ಎರಡನೆಯದರಲ್ಲಿ ‘ಶುಭೋದಯ’ದ ಹೂವುಗಳೇ ಮುಕ್ಕಾಲು ಪಾಲು ಇರುತ್ತವೆ. ಅವನ್ನು ಮೊದಲು ಫೋನಿನಲ್ಲೇ ಬಳಿದುಹಾಕಿ, ಆಮೇಲೆ ಸಿಂಕ್‌ಗೆ ಕೊಡಿ. ನೀವು ಬರೆದ 90 ಜಿಬಿ 60ಕ್ಕೆ ಇಳಿದರೆ ನನಗೇನೂ ಆಶ್ಚರ್ಯವಿಲ್ಲ. ಉಳಿದ ಭಾರವೆಲ್ಲ ವಿಡಿಯೋಗಳದ್ದು. ಒಂದು ಫೋಟೋ 4 ಎಂಬಿ ಆಸುಪಾಸು. ಸಾಧಾರಣ ಎಚ್‌ಡಿ ವಿಡಿಯೋ ನಿಮಿಷಕ್ಕೇ 100 ಎಂಬಿ ದಾಟಬಹುದು. ಶಾಲೆಯ ಗ್ಯಾದರಿಂಗ್‌ನಲ್ಲಿ ತೆಗೆದ ಇಪ್ಪತ್ತು ನಿಮಿಷದ ಡ್ಯಾನ್ಸು ಎರಡು ಜಿಬಿ ತಿಂದಿರುತ್ತದೆ. ಯಾರಾದರೂ ಅದನ್ನು ಎರಡನೇ ಸಲ ನೋಡಿದ್ದಾರಾ?

ಮೊದಲ ಸಲ ಎಲ್ಲವನ್ನೂ ವೈ-ಫೈಯಲ್ಲಿ ಕಳಿಸಬೇಡಿ. ಹಳೇ ಲ್ಯಾಪ್‌ಟಾಪಿನ ವೈ-ಫೈ ಸೆಕೆಂಡಿಗೆ 5 ಎಂಬಿ ಎಳೆದರೆ ಹೆಚ್ಚು. 90 ಜಿಬಿಗೆ ಐದು ತಾಸು ಬೇಕು. ಕೇಬಲ್ ಹಾಕಿ ಒಮ್ಮೆ ಕಾಪಿ ಮಾಡಿ, ಅದೇ ಫೋಲ್ಡರನ್ನು ಸಿಂಕ್‌ಥಿಂಗ್‌ಗೆ ತೋರಿಸಿ. ಇರುವುದನ್ನು ಅದು ಗುರುತು ಹಿಡಿದು, ಇಲ್ಲದ್ದನ್ನು ಮಾತ್ರ ತರುತ್ತದೆ.

ಕರೆಂಟಿನ ಪ್ರಶ್ನೆ ಕೇಳಿದಿರಿ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಸರ್ವರ್ ಅಂದ ಕೂಡಲೇ ಇಪ್ಪತ್ನಾಲ್ಕು ತಾಸೂ ಓಡಬೇಕು ಅಂದುಕೊಳ್ಳುತ್ತಾರೆ. ಸಿಂಕ್‌ಥಿಂಗ್‌ಗೆ ಆ ಹಟ ಇಲ್ಲ. ಎರಡೂ ಯಂತ್ರ ಒಂದೇ ಹೊತ್ತಿಗೆ ಎಚ್ಚರ ಇದ್ದರೆ ಸಾಕು. ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ಹಚ್ಚಿ, ಊಟ ಮುಗಿಸಿ ಹತ್ತಕ್ಕೆ ಆರಿಸಿ. ಹಳೇ ಲ್ಯಾಪ್‌ಟಾಪ್ 20 ವ್ಯಾಟ್ ಎಳೆಯುತ್ತದೆ ಅಂತ ಹಿಡಿದರೆ, ಹಗಲೂ ರಾತ್ರಿ ಓಡಿಸಿದಾಗ ತಿಂಗಳಿಗೆ 14 ಯೂನಿಟ್ ಆಗುತ್ತದೆ. ದಿನಕ್ಕೆ ಮೂರು ತಾಸು ಆದರೆ ಎರಡು ಯೂನಿಟ್ ಕೂಡ ಇಲ್ಲ. ಗೃಹಜ್ಯೋತಿ ಲೆಕ್ಕದ ಅಂಚಿನಲ್ಲಿ ಇರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ನಡುವೆ ಕರೆಂಟ್ ಹೋದರೂ ಅರ್ಧ ಬಂದ ಫೈಲನ್ನು ಅದು ಮರುದಿನ ಅಲ್ಲಿಂದಲೇ ಮುಂದುವರಿಸುತ್ತದೆ.

ಲ್ಯಾಪ್‌ಟಾಪಿನ ಬ್ಯಾಟರಿಯೇ ನಿಮಗೆ ಯುಪಿಎಸ್. ಆದರೆ ಅದರ ಹೊಟ್ಟೆಯ ಮೇಲೆ ಕಣ್ಣಿಡಿ. ಹಳೇ ಬ್ಯಾಟರಿ ಸದಾ ಚಾರ್ಜಿನಲ್ಲಿದ್ದರೆ ಉಬ್ಬಬಹುದು. ಟಚ್‌ಪ್ಯಾಡ್ ಮೇಲೆದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ತಕ್ಷಣ ಬಳಸುವುದು ನಿಲ್ಲಿಸಿ, ತೆಗೆಸಿಬಿಡಿ. ಇದು ಬೆಂಕಿಯ ವಿಷಯ, ತಮಾಷೆಯಲ್ಲ. ಇನ್ನು ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಹೊತ್ತಿಗೆ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ರೌಟರ್‌ದೂ ಸೇರಿ.

ಆ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೇರೆ ಕೆಲಸಕ್ಕೆ ಬೇಡವಾದ ಯಂತ್ರ ತಾನೇ, ಲಿನಕ್ಸ್ ಮಿಂಟ್ ಹಾಕಿಸಿ. ಮಗ ಒಂದು ರಜೆ ದಿನ ಕೂತರೆ ಆಗುವ ಕೆಲಸ.

ಈಗ ಕಳುವು, ಬೆಂಕಿ, ನೀರು. ಲ್ಯಾಪ್‌ಟಾಪೂ ಡಿಸ್ಕೂ ಒಂದೇ ಮನೆಯಲ್ಲಿದ್ದರೆ ಅವು ಎರಡು ಪ್ರತಿಗಳಲ್ಲ, ಒಂದೂವರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಿಮ್ಮ ಜಿಲ್ಲೆಯ ಹೊಳೆಆಲೂರು, ಕೊಣ್ಣೂರು ಕಡೆ ಮನೆಗಳಿಗೆ ನೀರು ನುಗ್ಗಿದ್ದು ನೆನಪಿರಬೇಕು. ಅಂಥ ನೀರಿಗೆ ಆಲ್ಬಮ್ಮೂ ಒಂದೇ, ಹಾರ್ಡ್ ಡಿಸ್ಕೂ ಒಂದೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಅಂತ ಈ ಕಸುಬಿನವರು 3-2-1 ಸೂತ್ರ ಹೇಳುವುದು ಅದಕ್ಕೇ. ಬೆಟಗೇರಿಯಲ್ಲಿ ಲ್ಯಾಪ್‌ಟಾಪ್ ಮತ್ತು ಒಂದು ಡಿಸ್ಕ್, ಹುಬ್ಬಳ್ಳಿಯಲ್ಲಿ ಮಗನ ರೂಮಿನಲ್ಲಿ ಇನ್ನೊಂದು ಡಿಸ್ಕ್. ನಡುವೆ ಅರವತ್ತು ಕಿಲೋಮೀಟರ್ ಹತ್ತಿರ ಇದೆ. ಒಂದೇ ಮಳೆ, ಒಂದೇ ಕಳ್ಳ ಎರಡೂ ಕಡೆ ಬರಲಾರ. ಅವನು ಹಬ್ಬಕ್ಕೆ ಬಂದಾಗ ಡಿಸ್ಕ್ ಅದಲು ಬದಲು ಮಾಡಿ. ಪಂಚಮಿಗೆ ಉಂಡಿ ಡಬ್ಬಿಯ ಜೊತೆ ಒಂದು, ಯುಗಾದಿಗೆ ಇನ್ನೊಂದು. ವರ್ಷಕ್ಕೆ ಎರಡೇ ಸಲ ಆದರೂ ಸಾಕು. ಧಾರವಾಡ-ಹುಬ್ಬಳ್ಳಿ ನಡುವೆ ಓಡಾಡುವ ನನ್ನ ಸ್ನೇಹಿತರೊಬ್ಬರು ತಿಂಗಳಿಗೊಮ್ಮೆ ಚಿಗರಿ ಬಸ್ಸಿನಲ್ಲಿ ಡಿಸ್ಕ್ ಹಿಡಿದು ಅಣ್ಣನ ಮನೆಗೆ ಹೋಗುತ್ತಾರೆ. 1 ಟಿಬಿ ಒಂದು ತಾಸಿನೊಳಗೆ ಊರು ಬದಲಿಸುತ್ತದೆ. ಅಷ್ಟು ವೇಗದ ನೆಟ್ ನಮ್ಮ ಕಡೆ ಯಾರ ಮನೆಯಲ್ಲಿದೆ?

ನೆಟ್ ಮೂಲಕವೇ ಗದಗದಿಂದ ಹುಬ್ಬಳ್ಳಿಗೆ ಸಿಂಕ್ ಮಾಡಬಹುದಲ್ಲ ಅಂತ ಮಗ ಕೇಳುತ್ತಾನೆ. ಮಾಡಬಹುದು. ಮನೆಯ ನೆಟ್‌ಗೆ ಹಲವು ಕಂಪನಿಗಳು ಸ್ವಂತ ಸಾರ್ವಜನಿಕ ವಿಳಾಸ ಕೊಡುವುದಿಲ್ಲ. ನೂರಾರು ಮನೆಗೆ ಒಂದೇ ಬಾಗಿಲು ಇದ್ದ ಹಾಗೆ. ಹೊರಗಿನಿಂದ ನಿಮ್ಮ ಮನೆಯನ್ನೇ ಹುಡುಕಿ ಬರುವುದು ಕಷ್ಟ. ಸಿಂಕ್‌ಥಿಂಗ್ ಆಗ ಬೇರೆ ಸ್ವಯಂಸೇವಕರ ರಿಲೇ ಯಂತ್ರದ ಮೂಲಕ ಹಾಯುತ್ತದೆ, ನಿಧಾನವಾಗಿ. ಟೇಲ್‌ಸ್ಕೇಲ್ ಅನ್ನುವ ತಂತ್ರಾಂಶ ಹಾಕಿದರೂ ಎರಡೂ ಕಡೆಯನ್ನು ಬೆಸೆಯಬಹುದು. ಆದರೆ ಯೂಟ್ಯೂಬ್ ನೋಡಿ ರೌಟರಿನಲ್ಲಿ ಪೋರ್ಟ್ ತೆರೆಯುವ ಸಾಹಸ ಬೇಡ ಅಂತ ಅವನಿಗೆ ಹೇಳಿ. ಮನೆ ಬಾಗಿಲನ್ನು ಸಂತೆಗೆ ತೆರೆದಿಟ್ಟ ಹಾಗೆ ಅದು.

ಇನ್ನು ನಿಮ್ಮ ಸಹೋದ್ಯೋಗಿ ಹೇಳಿದ ಎರಡು ಹೆಸರು. ನೆಕ್ಸ್ಟ್‌ಕ್ಲೌಡ್ 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದದ್ದು. ಫೈಲು, ಕ್ಯಾಲೆಂಡರ್, ಸಂಪರ್ಕ ಸಂಖ್ಯೆ, ಎಲ್ಲವೂ ಇರುವ ಪೂರ್ತಿ ಕಚೇರಿ. ಒಂದು ಸಣ್ಣ ಕಾಲೇಜಿಗೆ, ಆಫೀಸಿಗೆ ಚೆನ್ನ. ಎರಡು ಫೋನಿನ ಫೋಟೋಗೆ ಅದನ್ನು ಹಾಕುವುದು ಒಂದು ಸೇರು ಜೋಳ ತರಲು ಟ್ರ್ಯಾಕ್ಟರ್ ಹೊಡೆದಂತೆ. ಇಮಿಚ್ ಮಾತ್ರ ನಿಮಗೆ ಆಸೆ ಹುಟ್ಟಿಸುತ್ತದೆ. ನೋಡಲು ಗೂಗಲ್ ಫೋಟೋಸ್ ಥರವೇ. ಮುಖ ಗುರುತು ಹಿಡಿಯುತ್ತದೆ, ನಕ್ಷೆಯ ಮೇಲೆ ತೋರಿಸುತ್ತದೆ, ಅದೂ ನಿಮ್ಮ ಯಂತ್ರದ ಒಳಗೇ. ಶುರುವಾದದ್ದು 2022ರಲ್ಲಿ. ಸ್ಥಿರ ಆವೃತ್ತಿ ಅಂತ ಅವರು ಘೋಷಿಸಿದ್ದು 2025ರ ಅಕ್ಟೋಬರ್‌ನಲ್ಲಷ್ಟೇ. ಅದಕ್ಕೆ ಡಾಕರ್ ಎಂಬ ಇನ್ನೊಂದು ತಂತ್ರಾಂಶ, ಡೇಟಾಬೇಸ್, 6-8 ಜಿಬಿ ರ್‍ಯಾಮ್ ಬೇಕು. ಆಗಾಗ ಅಪ್‌ಡೇಟ್ ಮಾಡುವವರೂ ಬೇಕು. ಮಗ ಹುಬ್ಬಳ್ಳಿಯಲ್ಲಿ, ಯಂತ್ರ ಗದಗದಲ್ಲಿ. ಒಂದು ದಿನ ಅದು ತೆರೆಯದಿದ್ದರೆ ನೀವು ಯಾರನ್ನು ಕರೆಯುತ್ತೀರಿ? ನನ್ನ ಮಾತು ಕೇಳುವುದಾದರೆ ಒಂದು ವರ್ಷ ಸಿಂಕ್‌ಥಿಂಗ್ ಮತ್ತು ಎರಡು ಡಿಸ್ಕ್ ಸಾಕು. ಆಮೇಲೂ ಮುಖ ಹುಡುಕುವ ಆಸೆ ಉಳಿದಿದ್ದರೆ, ಅದೇ ಫೋಲ್ಡರಿನ ಮೇಲೆ ಇಮಿಚ್ ಕೂರಿಸಬಹುದು, ಫೈಲುಗಳನ್ನು ಕದಲಿಸದೆ.

ದುಡ್ಡಿನ ಲೆಕ್ಕವನ್ನು ನೇರವಾಗಿ ಹೇಳಿಬಿಡುತ್ತೇನೆ. ಗೂಗಲ್‌ನ 100 ಜಿಬಿ ಯೋಜನೆಗೆ ಇಲ್ಲಿ ವರ್ಷಕ್ಕೆ 1,300 ರೂಪಾಯಿ ದರ ಬಹುಕಾಲದಿಂದ ಇದೆ. ಎರಡು ಒಳ್ಳೇ ಡಿಸ್ಕ್‌ಗೆ ಹತ್ತು ಸಾವಿರ ಹಿಡಿಯಿರಿ. ಅಂದರೆ ಏಳೆಂಟು ವರ್ಷದ ಬಾಡಿಗೆ. ಅಷ್ಟರಲ್ಲಿ ಒಂದು ಡಿಸ್ಕ್ ಕೈಕೊಟ್ಟಿರುತ್ತದೆ. ಆದ್ದರಿಂದ ಬರೀ ದುಡ್ಡು ಉಳಿಸಲು ಈ ಕೆಲಸಕ್ಕೆ ಇಳಿಯಬೇಡಿ, ಉಳಿಯುವುದಿಲ್ಲ. ಇಳಿಯುವುದಾದರೆ ಕಾರಣ ಬೇರೆ ಇರಬೇಕು.

2015ರಲ್ಲಿ ಗೂಗಲ್ ಫೋಟೋಸ್ ಶುರುವಾದಾಗ ಎಷ್ಟು ಬೇಕಾದರೂ ಇಡಿ, ಪುಕ್ಕಟೆ ಅಂದರು. ನಾವೆಲ್ಲ ಇಟ್ಟೆವು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. 2025ರ ಕೊನೆಗೆ ಜಿಯೋ ಜೊತೆ 18 ತಿಂಗಳು 2 ಟಿಬಿ ಪುಕ್ಕಟೆ ಅನ್ನುವ ಕೊಡುಗೆ ಬಂತು. ಹತ್ತೊಂಬತ್ತನೇ ತಿಂಗಳು ಏನಾಗುತ್ತದೆ ಅಂತ ಕೇಳಿದವರು ಕಡಿಮೆ. ಮಿತಿ ಮೀರಿ ಎರಡು ವರ್ಷ ಹಾಗೇ ಬಿಟ್ಟರೆ ಫೈಲುಗಳನ್ನು ಅಳಿಸಬಹುದು ಅಂತ ಅವರ ನಿಯಮದಲ್ಲೇ ಇದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಮೆಣಸಿನಕಾಯಿ ಇಟ್ಟವರಿಗೆ ಇದು ಹೊಸದಲ್ಲ. ಬಾಡಿಗೆ ಕಟ್ಟುವ ತನಕ ತಂಪು. ವ್ಯತ್ಯಾಸ ಏನೆಂದರೆ ಮೆಣಸಿನಕಾಯಿಯನ್ನು ರೇಟ್ ಬಂದಾಗ ಮಾರಿ ಕೈ ತೊಳೆಯಬಹುದು, ಫೋಟೋ ಇಡುವುದು ಮೊಮ್ಮಕ್ಕಳ ಕಾಲಕ್ಕೆ. ಇನ್ನೊಂದು ಭಯವೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆ 2021ರಲ್ಲಿ ಡಾಕ್ಟರಿಗೆ ತೋರಿಸಲೆಂದು ಮಗುವಿನ ಕಾಯಿಲೆಯ ಫೋಟೋ ತೆಗೆದರು. ಗೂಗಲ್‌ನ ಯಂತ್ರ ಅದನ್ನು ಅಶ್ಲೀಲ ಚಿತ್ರ ಅಂತ ತಪ್ಪು ತಿಳಿದು ಖಾತೆಯನ್ನೇ ಮುಚ್ಚಿಸಿತು. ಪೊಲೀಸರು ತಪ್ಪಿಲ್ಲ ಅಂದ ಮೇಲೂ ಖಾತೆ ಸಿಗಲಿಲ್ಲ. ಇಂಥದ್ದು ಅಪರೂಪ. ಆದರೆ ಎಲ್ಲವೂ ಒಂದೇ ಖಾತೆಯಲ್ಲಿ ಇರುವವರಿಗೆ ಒಮ್ಮೆ ಆದರೂ ಸಾಕಲ್ವಾ?

ಹಾಗಂತ ಕ್ಲೌಡ್ ಬಿಟ್ಟೇಬಿಡಿ ಅನ್ನುತ್ತಿಲ್ಲ. ನಾನೂ ಬಿಟ್ಟಿಲ್ಲ. ವರ್ಷಕ್ಕೆ 1,300 ಕಷ್ಟವಲ್ಲ ಅನ್ನುವುದಾದರೆ ಕಟ್ಟಿ, ಅದನ್ನು ಇನ್ನೊಂದು ಹೆಚ್ಚಿನ ಪ್ರತಿ ಅಂತ ಇಟ್ಟುಕೊಳ್ಳಿ. ಬದಲಾಗಬೇಕಾದದ್ದು ಇಷ್ಟೇ: ಅಸಲು ನಿಮ್ಮ ಕೈಯಲ್ಲಿರಬೇಕು, ನಕಲು ಅವರಲ್ಲಿ. ಈಗ ತಿರುವುಮುರುವಾಗಿದೆ.

ಎಲ್ಲ ಮಾಡಿ ಮುಗಿಸಿದ ಮೇಲೆ ಜನ ಮರೆಯುವ ಕೆಲಸ ಒಂದಿದೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ತಳದಲ್ಲಿ ನೀರು ಹೊಕ್ಕಿದ್ದರೆ ಮೇಲೆ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾದು, ಇಳಿದು ನೋಡಿದ ಮೇಲೇ ಜೋಳ ಇದೆಯೋ ಬೂಷ್ಟು ಇದೆಯೋ ತಿಳಿಯುತ್ತಿತ್ತು. ಡಿಸ್ಕೂ ಹಾಗೆಯೇ. ಆರು ತಿಂಗಳಿಗೊಮ್ಮೆ ತಿಜೋರಿಯ ಡಿಸ್ಕನ್ನು ಬೇರೆಯದೇ ಒಂದು ಕಂಪ್ಯೂಟರಿಗೆ ಹಚ್ಚಿ. ಬೇರೆ ಬೇರೆ ವರ್ಷದ ಹತ್ತು ಫೋಟೋ, ಎರಡು ವಿಡಿಯೋ ತೆರೆದು ನೋಡಿ. ವಿಡಿಯೋವನ್ನು ಕೊನೆಯ ತನಕ ಓಡಿಸಿ. ಡಿಸ್ಕ್ ಟಿಕ್ ಟಿಕ್ ಅಂದರೆ, ತೆರೆಯಲು ತಡ ಮಾಡಿದರೆ ಅವತ್ತೇ ಹೊಸದು ತನ್ನಿ. ಅದಕ್ಕೆ ಮುಹೂರ್ತ ನೋಡಬೇಡಿ.

ಕಳುವಾದರೆ ಲ್ಯಾಪ್‌ಟಾಪ್ ಹೋಗುತ್ತದೆ, ಡಿಸ್ಕ್‌ಗಳು ಉಳಿಯುತ್ತವೆ. ಆದರೆ ಮನೆಯ ಫೋಟೋ ಕಳ್ಳನ ಕಣ್ಣಿಗೆ ಬೀಳಬಾರದು ಅಂದರೆ, ಮಿಂಟ್ ಹಾಕುವಾಗಲೇ ಡಿಸ್ಕ್ ಎನ್‌ಕ್ರಿಪ್ಶನ್, ಅಂದರೆ ಗೂಢಲಿಪಿಯ ಬೀಗ, ಆರಿಸಲು ಮಗನಿಗೆ ಹೇಳಿ. ಆಗ ಪ್ರತಿ ಸಂಜೆ ಒಂದು ಪಾಸ್‌ವರ್ಡ್ ಹೊಡೆಯಬೇಕು, ಅಷ್ಟೇ. ಆ ಪಾಸ್‌ವರ್ಡನ್ನು ಒಂದು ಹಾಳೆಯಲ್ಲಿ ಬರೆದು, ಯಾವ ಫೋಲ್ಡರಿನಲ್ಲಿ ಏನಿದೆ ಅಂತ ನಾಲ್ಕು ಸಾಲು ಸೇರಿಸಿ, ಮನೆ ಕಾಗದಪತ್ರದ ಜೊತೆ ಇಡಿ. ಯಜಮಾನರಿಗೆ ಒಮ್ಮೆ ತೋರಿಸಿ. ಗೊತ್ತಿರುವ ಒಬ್ಬರು ಹೋದ ಮೇಲೆ ಮನೆಯವರು ಲಾಕ್ ಆದ ಯಂತ್ರ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆಯುವುದನ್ನು ನೋಡಿದ್ದೇನೆ. ಎನ್‌ಕ್ರಿಪ್ಟ್ ಆದದ್ದನ್ನು ಯಾವ ಅಂಗಡಿಯವರೂ ತೆರೆಯಲಾರರು.

ಕೊನೆಗೆ ನಿಂತಿರುವ ಜಿಮೇಲ್. ಟೇಕ್‌ಔಟ್ ಇಳಿಸಿ, ಎರಡು ಡಿಸ್ಕ್‌ಗೆ ಕಾಪಿ ಮಾಡಿ, ತೆರೆದು ನೋಡುವ ತನಕ ಕ್ಲೌಡ್‌ನಿಂದ ಒಂದನ್ನೂ ಅಳಿಸಬೇಡಿ. ಆಮೇಲೆ ಅಳಿಸುವಾಗಲೂ ಹಳೆಯದರಿಂದ ಶುರು ಮಾಡಬೇಡಿ. 2021ರ ಜೂನ್ 1ಕ್ಕೆ ಮೊದಲು ‘ಹೈ ಕ್ವಾಲಿಟಿ’ಯಲ್ಲಿ ಏರಿಸಿದ ಫೋಟೋಗಳು ಆ 15 ಜಿಬಿ ಲೆಕ್ಕಕ್ಕೇ ಬರುವುದಿಲ್ಲ. ಅವನ್ನು ಅಳಿಸಿದರೆ ಒಂದು ಎಂಬಿಯೂ ಖಾಲಿಯಾಗುವುದಿಲ್ಲ, ಪುಕ್ಕಟೆ ಇರುವ ಒಂದು ಪ್ರತಿ ಕಳೆದುಕೊಳ್ಳುತ್ತೀರಿ ಅಷ್ಟೇ. ಗೂಗಲ್‌ನ ಸ್ಟೋರೇಜ್ ಪುಟದಲ್ಲಿ ದೊಡ್ಡ ಫೈಲುಗಳ ಪಟ್ಟಿ ಇರುತ್ತದೆ. ಅಲ್ಲಿ ಮೇಲಿನ ಇಪ್ಪತ್ತು ವಿಡಿಯೋ ಆರಿಸಿ ಅಳಿಸಿ. ಫೋನಿನಲ್ಲಿ ಫೋಟೋಸ್ ಆ್ಯಪಿನ ಬ್ಯಾಕಪ್ ಮೊದಲು ಆಫ್ ಮಾಡಿ, ಅಳಿಸುವುದನ್ನು ಕಂಪ್ಯೂಟರಿನಿಂದಲೇ ಮಾಡಿ. ಆ್ಯಪಿನಲ್ಲಿ ಅಳಿಸಿದರೆ ಫೋನಿನದ್ದೂ ಹೋಗುತ್ತದೆ. ಅಳಿಸಿದ್ದು ಅವರ ಟ್ರ್ಯಾಶ್‌ನಲ್ಲಿ 60 ದಿನ ಕೂತಿರುತ್ತದೆ, ಅದನ್ನೂ ಖಾಲಿ ಮಾಡಿದ ಮೇಲೆಯೇ ಜಾಗ ಸಿಗುತ್ತದೆ. ಜಿಮೇಲ್‌ನ ಟ್ರ್ಯಾಶ್, ಸ್ಪ್ಯಾಮ್ ಎರಡನ್ನೂ ಒಮ್ಮೆ ಗುಡಿಸಿ. ಗ್ಯಾದರಿಂಗ್ ಡ್ಯಾನ್ಸುಗಳು ಹೋದರೆ ಸಾಕು, ಸಂಜೆಯೊಳಗೆ ಮೇಲ್ ಬರಲು ಶುರುವಾಗುತ್ತದೆ.